ಅವ್ವ ಆರಿಸಿದ ದೋಣಿ

ಬಣ್ಣದ ಡಬ್ಬಿಯ ಮುಚ್ಚಳ ತೆಗೆದಿದ್ದೇ ತಡ, ಆ ವಾಸನೆಗೆ ನನ್ನ ಕೈ ನಿಂತುಬಿಟ್ಟಿತು. ಮೈಲೂರು ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ಅಲ್ಯೂಮಿನಿಯಂ ದೋಣಿಯೊಂದು ಬೋರಲು ಬಿದ್ದಿದೆ. ನಗಬೇಡಿ. ಬೀದರಿನಲ್ಲಿ ಹಿತ್ತಲಿಗೊಂದು ದೋಣಿ ಇಟ್ಟುಕೊಂಡವನು ನಾನೊಬ್ಬನೇ ಇರಬೇಕು; ಓಣಿಯವರು ವಿಳಾಸ ಹೇಳುವುದೂ ‘ದೋಣಿ ಮನಿ’ ಎಂದೇ. ಔರಾದ ಕಡೆಯ ರೈತರೊಬ್ಬರು ಮಾಂಜ್ರಾ ಹೊಳೆ ದಾಟಲಿಕ್ಕೆಂದು ಅದನ್ನು ಕೊಳ್ಳಲು ನಾಳೆ ಬರುತ್ತಾರೆ. ಹಿಂಭಾಗದಲ್ಲಿ ತಗಡು ಜೋಡಿಸುವ ಒಂದು ರಿವೆಟ್ಟು ಮೊಳೆ ಸಡಿಲಾಗಿ ನೀರು ಜಿನುಗುತ್ತದೆ. ನೀಲಿ ಬಣ್ಣ ಬಳಿದರೆ ಯಾರಿಗೆ ಕಾಣಬೇಕು ಎಂದುಕೊಂಡಿದ್ದೆ.

ಇದೇ ವಾಸನೆಯ ನೀಲಿ ದೋಣಿಯೊಂದನ್ನು ಇಪ್ಪತ್ತು ವರ್ಷಗಳ ಹಿಂದೆ ನಾನೂ ಮೆಚ್ಚಿದ್ದೆ.

ನನ್ನ ಮಾಮಾನ, ಅಂದರೆ ಅವ್ವನ ತಮ್ಮನ ಊರು ಭಾಲ್ಕಿ ತಾಲ್ಲೂಕಿನಲ್ಲಿ, ಕಾರಂಜಾ ಜಲಾಶಯದ ಹಿನ್ನೀರಿನ ದಂಡೆಗೆ. ಹೊಲ ಆಚೆ ದಂಡೆಗೆ. ಆಗೆಲ್ಲ ಬೆಲ್ಲ ಕಾಸುವ ದೊಡ್ಡ ಕಡಾಯಿಯಲ್ಲಿ ಕೂತು ದಾಟುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಂದು ದಿನ ನಡುನೀರಿನಲ್ಲಿ ಕಡಾಯಿ ಮುಳುಗಿತು. ಮಾಮಾ ಈಜಿ ದಂಡೆ ಸೇರಿದ. ಜೊತೆಗಿದ್ದ ಅವ್ವನ ತಂಗಿ, ನನ್ನ ಮೌಶಿ, ಸೇರಲಿಲ್ಲ. ಆಕೆಯನ್ನು ಆಚೆಯ ಹೊಲದಲ್ಲೇ ಮಣ್ಣು ಮಾಡಿದರು.

ಅವ್ವ ಆ ಸಮಾಧಿಗೆ ಒಮ್ಮೆಯೂ ಹೋಗಲಿಲ್ಲ. ರಸ್ತೆ ಸುತ್ತಿ ಹೋಗೋಣವೆಂದರೆ, “ಆಕಿ ಹೋದ ದಾರೀಲೇ ಹೋಗ್ತೇನಿ, ಇಲ್ಲಂದ್ರ ಬ್ಯಾಡ” ಎನ್ನುತ್ತಿದ್ದಳು. ಆದರೆ ಕಡಾಯಿ ಹತ್ತುವ ಧೈರ್ಯ ಅವಳಿಗಿರಲಿಲ್ಲ. ವರ್ಷಕ್ಕೊಮ್ಮೆ ಈಚೆ ದಂಡೆಯಲ್ಲೇ ಕಾಯಿ ಒಡೆದು, ಕೈಮುಗಿದು ಬರುತ್ತಿದ್ದಳು. ಅವಳನ್ನು ದಾಟಿಸಲೆಂದೇ ಮಾಮಾ ದೋಣಿ ಕೊಳ್ಳಲು ಹೊರಟ; ಅವ್ವನೂ ನಾನೂ ಜೊತೆಗೆ ಹೋದೆವು.

ಬೀದರಿನ ವ್ಯಾಪಾರಿಯೊಬ್ಬ ಕೊಂಕಣದಿಂದ ಲಾರಿಯಲ್ಲಿ ಎರಡು ಹಳೆಯ ಅಲ್ಯೂಮಿನಿಯಂ ದೋಣಿ ತಂದಿದ್ದ. ಒಂದು ನೀಲಿ, ಫಳಫಳ. ಇನ್ನೊಂದು ಬಣ್ಣಗೇಡಿ, ಮೈತುಂಬ ತಗ್ಗು. “ನದಿ, ಸಮುದ್ರ ಎರಡೂ ಕಂಡ ಮಾಲು ಸಾಹೇಬ್ರ, ನಿಮ್ಮ ಕೆರಿ ಯಾವ ಲೆಕ್ಕ?” ಎಂದ ನೀಲಿಯ ಬೆನ್ನು ತಟ್ಟಿ. ನಾನು ಓದಿದವನಲ್ಲವೇ! ತೆರೆಗೆ ಮೂತಿ ಎತ್ತರ ಇರಬೇಕು, ತೆಳು ನೀರಿಗೆ ತಳ ಚಪ್ಪಟೆ ಇರಬೇಕು ಎಂದು ಭಾಷಣ ಬಿಗಿದು, ನೀಲಿಯೇ ಸರಿ ಎಂದು ತೀರ್ಪು ಕೊಟ್ಟೆ. ಮಾಮಾ ತಲೆಯಾಡಿಸಿದ.

ಅವ್ವ ಉಗುರಿನಿಂದ ಬಣ್ಣ ಕೆರೆದಳು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆ. “ಜರ್ಮನ್ ಡಬರಿಯಾಗ ಉಪ್ಪಿನಕಾಯಿ ಇಟ್ರ ತೂತು ಬೀಳ್ತಾವ. ಸಮುದ್ರದ ನೀರು ಉಪ್ಪಲ್ಲೇನು?” ಎಂದು ಕೇಳಿದಳು. ಆಮೇಲೆ ಎರಡೂ ದೋಣಿಗಳನ್ನು ಕಲ್ಲಿನ ಮೇಲೆ ಎತ್ತಿರಿಸಿ, ಹೊರಗಿನಿಂದ ರಿವೆಟ್ಟಿನ ಸಾಲಿಗೆಲ್ಲ ಒಣ ಬೂದಿ ಒತ್ತಿ, ಒಳಗೆ ಕೊಡಗಟ್ಟಲೆ ನೀರು ತುಂಬಿಸಿದಳು. ವ್ಯಾಪಾರಿ ನಕ್ಕ. ಖರೇ ಹೇಳಬೇಕೆಂದರೆ, ನಾಚಿಕೆಯಾಗಿ ನಾನು ಚಹಾದ ನೆಪ ಮಾಡಿ ಹೊರಗೆ ಹೋದೆ. ಬರುವಷ್ಟರಲ್ಲಿ ನೀಲಿ ದೋಣಿಯ ಬೂದಿ ಹನ್ನೊಂದು ಕಡೆ ಒದ್ದೆಯಾಗಿ ಕಪ್ಪಗಾಗಿತ್ತು. ತಗ್ಗುಬಿದ್ದದ್ದರ ಬೂದಿ ಹಾರಿಹೋಗುವಷ್ಟು ಒಣಗೇ ಇತ್ತು; ಮಾಮಾ ಅದನ್ನೇ ಕೊಂಡ.

ಮರುವಾರ ಅವ್ವ ಆ ದೋಣಿ ಹತ್ತಿದಳು. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಪಕ್ಕದಲ್ಲಿ ಕೂತ ನನ್ನ ಅಂಗಿಯ ತುದಿ. ಮಾಮಾ ಹುಟ್ಟು ಹಾಕುತ್ತಿದ್ದ. ನಡುನೀರಿಗೆ ಬಂದಾಗ ಅವ್ವ ಬಾಯಿ ಬಿಟ್ಟಳು.

“ತಮ್ಮಾ, ಆ ಕಡಾಯಿ ಸೋರ್ತಿತ್ತು. ಬೆಲ್ಲ ಕಾಸೂಮುಂದ ಒಲಿಯಾಗ ಪಾಕ ಹನಿಯೋದು ನೋಡಿದ್ದೆ. ನಿಮಗ ಹೇಳಲಿಲ್ಲ. ಹೇಳಿದ್ರ ಹೊಲಕ್ಕ ಹ್ಯಾಂಗ ಹೋಗ್ತೀರಿ ಅಂತ ಸುಮ್ಮನಾದೆ.”

ಮಾಮಾ ಹುಟ್ಟು ನಿಲ್ಲಿಸಿದ.

“ನನಗೂ ಗೊತ್ತಿತ್ತಕ್ಕ. ಡಾಂಬರ ಹಚ್ಚಿ ತೂತು ಮುಚ್ಚಿದಾವ ನಾನ.”

ಇಬ್ಬರೂ ಅತ್ತರು. ಒಂದೇ ತಪ್ಪನ್ನು ಅಕ್ಕ ತಮ್ಮ ಬೇರೆ ಬೇರೆಯಾಗಿ ಹೊತ್ತುಕೊಂಡು ಅಷ್ಟು ವರ್ಷ ಬದುಕಿದ್ದರು. ನನಗೂ ಅಳು ತಡೆಯಲಾಗಲಿಲ್ಲ.

ಈಗ ಅವರಿಬ್ಬರೂ ಇಲ್ಲ; ಮಾಮಾ ಹೋದ ಮೇಲೆ ಆ ದೋಣಿ ನನ್ನ ಹಿತ್ತಲಿಗೆ ಬಂತು. ನಾನು ಬಣ್ಣದ ಡಬ್ಬಿ ಮುಚ್ಚಿ, ಔರಾದಿನವರಿಗೆ ಫೋನ್ ಮಾಡಿದೆ.

“ದೋಣಿ ಸೋರ್ತದರಿ. ಹಿಂದ, ಎಡಗಡಿ, ಮೂರನೇ ರಿವೆಟ್ಟು. ಅದನ್ನ ಬಡಿಸಿಕೊಂಡ್ರ ಮತ್ತ ಗಟ್ಟಿ ಅದ.”

“ಹೇಳಿದ್ದು ಛಲೋ ಆತ್ರಿ. ಅದರಾಗ ನಮ್ಮ ಮನಿಯಾಕಿ ದಿನಾ ದಾಟಾಕಿ.”

“ಹಂಗಾದ್ರ ಅವರನ್ನೂ ಕರಕೊಂಡು ಬರ್ರಿ,” ಎಂದೆ. “ಅವರೇ ನೋಡ್ಲಿ. ನಾ ಬೂದಿ ತಗದಿಟ್ಟಿರ್ತೇನಿ.”