ಮುಯ್ಯಾಳಿನ ಮನೆಗೆ ನಾಲ್ಕು ಭೇಟಿ

ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ನನ್ನ ತಾಯಿ ಎಲ್ಲ ಕಾಯಿಗಳನ್ನೂ ಅಲ್ಲಾಡಿಸಿ ನೋಡುತ್ತಿರಲಿಲ್ಲ. ಒಲೆಯ ಹೊಗೆ ತಾಗುವ ಕಡೆಯಿಂದ ಕೆಲವು, ಹೆಂಚಿನ ಬಿಸಿ ನೇರವಾಗಿ ಬೀಳುವ ಕಡೆಯಿಂದ ಕೆಲವು, ಗಾಳಿಯಾಡದ ಮೂಲೆಯಿಂದ ಕೆಲವು ಎತ್ತಿ ಕಿವಿಯ ಬಳಿ ಹಿಡಿಯುತ್ತಿದ್ದಳು. ಒಳಗೆ ಉಂಡೆ ಕಳಚಿಕೊಂಡು ಗಡಗಡ ಎಂದರೆ ಒಣಗಿದೆ. ನೀರು ಅಲುಗಿದರೆ ಇನ್ನೂ ಕಾಯಬೇಕು. ನಾನು ಆಸೆಯಿಂದ ದಪ್ಪ ಕಾಯಿಗೆ ಕೈಹಾಕಿದರೆ, "ಚೆಂದ ಕಂಡಿದ್ದನ್ನ ಎತ್ತಬ್ಯಾಡ ಕಣೇ, ಕೈಗ್ ಸಿಕ್ಕಿದ್ದನ್ನ ಎತ್ತು" ಎನ್ನುತ್ತಿದ್ದಳು. ಇಷ್ಟೆಲ್ಲ ಮಾಡುವ ತಾಯಿಯ ಉದ್ಯೋಗವೇನೆಂದು ಶಾಲೆಯಲ್ಲಿ ಕೇಳಿದಾಗ, ತರಗತಿಯ ಎಲ್ಲ ಮಕ್ಕಳಂತೆ ನಾನೂ "ಏನಿಲ್ಲ ಸಾರ್, ಮನೇಲಿ" ಎಂದಿದ್ದೆ. ಮಕ್ಕಳ ಬಾಯಿಗೆ ಆ ಉತ್ತರವನ್ನು ಕಲಿಸಿದ ಸಮಾಜದ ಅನ್ಯಾಯಕ್ಕೆ ಹೆಸರು ಸಿಗಲು ನನಗೆ ಬಹಳ ಕಾಲ ಬೇಕಾಯಿತು.

ಲೆಕ್ಕಕ್ಕೆ ಸೇರದ ದುಡಿಮೆ ಎಂಬ ಆ ಹೆಸರು ಸಿಕ್ಕಿದ್ದು ನಂತರ ನಾನು ಸೇರಿದ ಇನ್ನೊಂದು ಶಾಲೆಯಲ್ಲಿ. ಅಲ್ಲಿ ಪಾಠಕ್ಕಿಂತ ಮೊದಲು ಪ್ರಶ್ನೆ ಕೇಳುವುದನ್ನು ಕಲಿಸುತ್ತಿದ್ದರು. ಓದು ಮುಗಿಸಿ ತುರುವೇಕೆರೆಯ ಸುತ್ತ ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಅಂಗಳಗಳಲ್ಲಿ ದುಡಿಯುವ ಹೆಂಗಸರ ಜೊತೆ ನಿಂತೆ. ಅದೇ ಸಿಪ್ಪೆ, ಅದೇ ಬಿಸಿಲು, ಗಂಡಸಿಗೊಂದು ಕೂಲಿ, ಹೆಂಗಸಿಗೆ ಅದಕ್ಕಿಂತ ಕಡಿಮೆ. ಶೌಚಾಲಯವಿಲ್ಲ, ನೆರಳಿಲ್ಲ, ಕೈ ಯಂತ್ರಕ್ಕೆ ಸಿಕ್ಕರೆ ಕೇಳುವವರಿಲ್ಲ. ಮನವಿ ಹಿಡಿದು ಸರ್ಕಾರಿ ಕಚೇರಿಗೆ ಹೋದಾಗಲೆಲ್ಲ ಒಂದೇ ಮಾತು: "ಅಂಕಿಅಂಶ ಎಲ್ಲಿದೆ?" ಅಂಕಿಗಳು ಎಲ್ಲಿ ಹುಟ್ಟುತ್ತವೆ ಎಂದು ನೋಡಿಯೇ ಬಿಡೋಣವೆಂದು ರಾಷ್ಟ್ರೀಯ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕ್ಷೇತ್ರ ಕೆಲಸಕ್ಕೆ ಸೇರಿದೆ. ಗುತ್ತಿಗೆಯ ಕೆಲಸ. ದೇಶದಲ್ಲಿ ಯಾರ ಉದ್ಯೋಗ ಭದ್ರ, ಯಾರದು ಅಭದ್ರ ಎಂದು ಬರೆದುಕೊಳ್ಳುವ ನಮಗೇ ಮುಂದಿನ ವರ್ಷ ಕೆಲಸವಿರುತ್ತದೆಯೇ ಎಂಬುದು ತಿಳಿದಿರಲಿಲ್ಲ. ಅದನ್ನೂ ತರಬೇತಿಯ ಮೊದಲ ದಿನವೇ ಹೇಳಿದೆ. ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆದರೆ ಅದೇ ತರಬೇತಿ ನನ್ನನ್ನು ಗೆದ್ದಿತು. ದೇಶದ ಎಲ್ಲ ಮನೆಗಳನ್ನು ತಿಂಗಳು ತಿಂಗಳು ಕೇಳಲಾಗದು. ಆದ್ದರಿಂದ ಒಂದೊಂದು ಜಿಲ್ಲೆಯನ್ನೂ ಬೇರೆಬೇರೆ ಗುಡ್ಡೆಯೆಂದು ತಿಳಿದು, ಹಳ್ಳಿ ಮತ್ತು ಪಟ್ಟಣಗಳನ್ನು ಪ್ರತ್ಯೇಕಿಸಿ, ಪ್ರತಿ ಗುಡ್ಡೆಯಿಂದ ಕೆಲವು ಊರುಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಊರು ದೊಡ್ಡದಾದರೆ ಅದನ್ನು ಭಾಗ ಮಾಡಿ, ಆ ಭಾಗಗಳಲ್ಲೂ ಚೀಟಿ. ಬಂದ ಭಾಗದ ಪ್ರತಿಯೊಂದು ಮನೆಯನ್ನೂ ಬಿಡದೆ ಬರೆದುಕೊಂಡು, ಅದರಲ್ಲಿ ಮತ್ತೆ ಚೀಟಿಯಿಂದ ಕೆಲವು ಮನೆಗಳು. ಆರಿಸಿದ ಮನೆಗೆ ಸತತ ನಾಲ್ಕು ತಿಂಗಳು ಹೋಗಿ ಕೇಳಬೇಕು, ಆಮೇಲೆ ಬಿಟ್ಟು ಬೇರೆ ಮನೆಗಳನ್ನು ತೆಗೆದುಕೊಳ್ಳಬೇಕು. ಅದೇ ಮನೆಯನ್ನು ಮತ್ತೆ ಮತ್ತೆ ಕೇಳಿದರೆ ತಿಂಗಳಿಂದ ತಿಂಗಳಿಗಾದ ಬದಲಾವಣೆ ಕಾಣುತ್ತದೆ. ಹೊಸ ಮನೆಗಳು ಬರುತ್ತಿದ್ದರೆ ಒಬ್ಬರ ಮೇಲೆಯೇ ಹೊರೆ ಬೀಳುವುದಿಲ್ಲ. ನನಗೆ ಅಟ್ಟ ನೆನಪಾಯಿತು. ಮೂಲೆಮೂಲೆಯಿಂದಲೂ ಎತ್ತಬೇಕು, ಚೆಂದ ಕಂಡದ್ದನ್ನು ಎತ್ತಬಾರದು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಶೆಟ್ಟಿಕೆರೆಯ ಬಸ್ಸು ಹಾದುಹೋಗುವ ಒಂದು ಊರು ನನ್ನ ಪಾಲಿಗೆ ಬಂತು. ಊರಿನ ಹೆಸರನ್ನೂ ಮನೆಯ ಗುರುತನ್ನೂ ಹೇಳುವುದಿಲ್ಲ. ಹಾಗೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಮನೆಗಳನ್ನು ಬರೆದುಕೊಳ್ಳಲು ಊರಿನ ಯಜಮಾನರೊಬ್ಬರು ಜೊತೆಗೆ ನಡೆದರು. ಕೆರೆ ಏರಿಯ ಹತ್ತಿರ ಬಂದು ನಿಂತು, "ಊರು ಇಲ್ಲಿಗ್ ಮುಗೀತು ಕಣಮ್ಮ" ಎಂದರು. ಏರಿಯ ಆಚೆ ಹೊಗೆಯಾಡುತ್ತಿದ್ದ ಒಲೆಗಳು ಕಾಣುತ್ತಿದ್ದವು. ನಾರಿನ ಕೆಲಸದ ಹೆಂಗಸರ ಮನೆಗಳವು. ಪಟ್ಟಿಯಲ್ಲಿ ಇಲ್ಲದ ಮನೆಗೆ ಚೀಟಿ ಎಂದೂ ಬೀಳುವುದಿಲ್ಲ. ಹೀಗೆ ಬಿಟ್ಟುಹೋಗುವುದು ಅದೃಷ್ಟದ ಮಾತಲ್ಲ, ಜಾತಿಯ ಮಾತು. ಅದನ್ನು ಯಜಮಾನರ ಮುಖಕ್ಕೇ ಹೇಳಿ, ಏರಿ ದಾಟಿ ಕೊನೆಯ ಬಾಗಿಲಿನವರೆಗೂ ಬರೆದುಕೊಂಡೆ. ಯಜಮಾನರು ಏರಿಯ ಮೇಲೆಯೇ ಬೀಡಿ ಹಚ್ಚಿಕೊಂಡು ಕುಳಿತರು. ಮುನಿಸಿಕೊಂಡು ಹೊರಟುಹೋಗಲಿಲ್ಲ ಎಂಬುದನ್ನೂ ಹೇಳಬೇಕು.

ಚೀಟಿ ಬಿದ್ದ ಮನೆಗಳು ಯಾವುವೆಂದು ಕೇಳಿ ಯಜಮಾನರಿಗೆ ಬೇಸರವಾಯಿತು. ಅದರಲ್ಲೂ ಒಂದು ಮನೆಯ ಬಗ್ಗೆ.

"ಆ ಮನೇಲಿ ಏನೈತೆ ಅಂತ ಹೋಗ್ತೀರಮ್ಮ? ಅತ್ತೆ ಸೊಸೆ ಎರಡ್ ಹಸ ಕಟ್ಕಂಡವ್ರೆ, ಮಗ ತೋಟ ನೋಡ್ತಾನೆ. ನಮ್ಮನೆಗೆ ಬರ್ರಿ. ಊರಿನ್ ಮರ್ವಾದೆ ಉಳೀತದೆ."

"ನಾನು ಆರಿಸೋ ಹಂಗಿಲ್ಲ ಯಜಮಾನ್ರೇ. ಚೀಟಿ ಎತ್ತಿದಂಗೆ ಬಂದಿರೋದು."

"ಚೀಟಿ ಎತ್ತಿದ್ದು ನೀವೇ ತಾನೆ? ಇನ್ನೊಂದ್ಸಲ ಎತ್ತಿ, ಅದಕ್ಕೇನಂತೆ!"

ಅವರಿಗೆ ಊರಿನ ಅಂದ ತೋರಿಸುವ ಮನೆ ಬೇಕಿತ್ತು. ನನಗೆ ಊರಿನ ಗಾಯ ತೋರಿಸುವ ಮನೆ ಬೇಕಿತ್ತು. ಏರಿಯಾಚೆಯ ಎಲ್ಲ ಮನೆಗಳೂ ಚೀಟಿಯಲ್ಲಿ ಬರಲೆಂದು ನಾನು ಬಯಸಿದ್ದೆ, ಬಂದದ್ದು ಒಂದೇ. ಅವರ ಆಯ್ಕೆಯೂ ಸುಳ್ಳು ಹೇಳುತ್ತಿತ್ತು, ನನ್ನದೂ ಸುಳ್ಳು ಹೇಳುತ್ತಿತ್ತು. ನಮ್ಮಿಬ್ಬರ ಇಷ್ಟವನ್ನೂ ಕೇಳದ ಚೀಟಿ, ನಾನು ಎಂದೂ ಹುಡುಕಿಕೊಂಡು ಹೋಗುತ್ತಿರದ ಆ ಮನೆಯ ಮುಂದೆ ನನ್ನನ್ನು ನಿಲ್ಲಿಸಿತು.

ಮೊದಲ ಭೇಟಿಯಲ್ಲಿ ಜಗುಲಿಯ ಮೇಲೆ ಕುಳಿತು ಉತ್ತರ ಕೊಟ್ಟವರು ಅತ್ತೆ. ಸೊಸೆ ಬಾಗಿಲ ಹಿಂದೆ ನಿಂತಿದ್ದಳು.

"ಕಳೆದ ಏಳು ದಿನದಲ್ಲಿ ನಿಮ್ಮ ಸೊಸೆ ಏನು ಕೆಲಸ ಮಾಡಿದ್ರು?"

"ಅವ್ಳಾ? ಏನಿಲ್ಲ ಕಣವ್ವ. ಮನೇಲೇ ಅವ್ಳೆ."

"ಹಾಲು ಕರೆಯೋದು ಯಾರು?"

"ಅವ್ಳೇಯ."

"ಡೈರಿಗೆ ಹಾಕೋದು?"

"ಅವ್ಳೇ ಹಾಕ್ತಾಳೆ. ಅದೂ ಒಂದ್ ಕೆಲ್ಸವಾ? ಡೈರಿ ಕಣ್ ಮುಂದೇನೆ ಐತಲ್ಲ!"

ಮಾರುವ ಹಾಲಿಗಾಗಿ ಹಸು ನೋಡಿಕೊಂಡರೆ ಅದು ಕೆಲಸವೇ ಎಂದು ನಿಯಮದಲ್ಲಿದೆ. ಕೂಲಿ ಸಿಗದಿದ್ದರೂ ಮನೆಯ ದುಡಿಮೆಗೆ ನೆರವಾದವರು ದುಡಿಯುವವರೇ. ಅದನ್ನು ಹಾಗೆಯೇ ದಾಖಲಿಸಿದೆ. ಅತ್ತೆಯ ಸರದಿ ಬಂದಾಗ ಅವರು ಕೈ ಬೀಸಿದರು: "ನಂದೇನೈತೆ? ಮುದ್ಕಿ ಅಂತ ಬರ್ಕೊ." ಕೊನೆಗೆ, ಇನ್ನೂ ಹೆಚ್ಚಿನ ಕೆಲಸ ಸಿಕ್ಕಿದ್ದರೆ ಮಾಡಲು ಸೊಸೆ ಸಿದ್ಧಳಿದ್ದಳೇ ಎಂದು ಕೇಳಿದೆ.

"ಯಾಕವ್ವ? ನಮ್ಮನೇಲಿ ಉಣ್ಣಕ್ ಕಡಿಮೆ ಆಗೈತಾ?"

ಬಾಗಿಲ ಹಿಂದಿನ ಮುಖ ನನ್ನನ್ನು ನೋಡಿತು, ಆಮೇಲೆ ನನ್ನ ಕೈಯ ಟ್ಯಾಬ್ಲೆಟ್ಟನ್ನು ನೋಡಿತು. ಮನೆಯ ವಿಷಯ ತಿಳಿದ ಒಬ್ಬರು ಎಲ್ಲರ ಪರವಾಗಿ ಉತ್ತರಿಸಬಹುದು ಎಂಬುದು ಸಮೀಕ್ಷೆಯ ನಿಯಮ. ದುಡಿಯುವವರು ಹೊರಗೆ ಹೋಗಿರುತ್ತಾರೆ, ಎಲ್ಲರಿಗಾಗಿ ಕಾದರೆ ಲೆಕ್ಕ ಮುಗಿಯುವುದಿಲ್ಲ. ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಮೂರು ಮಾರು ದೂರದಲ್ಲಿ ನಿಂತವಳ ಇಚ್ಛೆಯನ್ನು ಇನ್ನೊಬ್ಬರು ಹೇಳುವುದಕ್ಕೆ ಅವಕಾಶವಿತ್ತ ನಿಯಮ ಅನ್ಯಾಯವೇ. ನಾನು ಅವಳನ್ನೇ ಕರೆದು ಕೇಳಿದೆ. ಅವಳು, "ಅತ್ತೆ ಹೇಳಿದ್ರಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಆದರೆ ಎಳನೀರು ಕೊಡುವ ನೆಪದಲ್ಲಿ ಬೇಲಿಯವರೆಗೆ ಬಂದಳು.

"ಮೇಡಂ, ಆ ಕೊನೇ ಪ್ರಶ್ನೆ ಮುಂದಿನ್ ತಿಂಗಳೂ ಕೇಳ್ತೀರಾ?"

"ನಾಲ್ಕು ತಿಂಗಳೂ ಕೇಳ್ತೀನಿ."

ಮದುವೆಗೆ ಮುಂಚೆ ಅವಳು ತಿಪಟೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದವಳು, ಅದಕ್ಕೆಂದೇ ಓದಿದವಳು. ಈಗ ಅವರು ಮತ್ತೆ ಕರೆಯುತ್ತಿದ್ದರು, ದೀಪಾವಳಿ ಕಳೆಯುವವರೆಗೆ ಆ ಜಾಗ ಅವಳಿಗಾಗಿ ಕಾಯುತ್ತಿತ್ತು. "ಗಂಡನ ಅಡ್ಡಿಯೇ?" ಎಂದೆ. "ಅವ್ರದ್ದೇನಿಲ್ಲ. ಮುಯ್ಯಿ ಐತಲ್ಲ ಮೇಡಂ. ರೆಡಿ ಇದೀನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ."

ಮುಯ್ಯಾಳಿನ ಪದ್ಧತಿ ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ಒಂದು ಮನೆಯ ಅಟ್ಟ ಇಳಿಸಿದಾಗ, ಅಂದರೆ ಒಣಗಿದ ಕಾಯಿಗಳನ್ನು ಕೆಳಗೆ ತಂದಾಗ, ಆ ಮನೆಯ ಗಂಡಸರು ಸಿಪ್ಪೆ ಸುಲಿಯುತ್ತಾರೆ, ಹೆಂಗಸರು ಮಚ್ಚಿನಿಂದ ಚಿಪ್ಪು ಒಡೆದು ಉಂಡೆಗೆ ಏಟು ತಾಗದಂತೆ ಕೊಬ್ಬರಿ ಬಿಡಿಸುತ್ತಾರೆ. ಹೋಳಾದರೆ ಬೆಲೆ ಹೋಯಿತು. ಒಂದೇ ಮನೆಯವರಿಂದ ಮುಗಿಯುವ ಕೆಲಸವಲ್ಲವಾದ್ದರಿಂದ ನೆರೆಯ ಮನೆಗಳಿಂದ ಒಬ್ಬೊಬ್ಬರು ಬರುತ್ತಾರೆ. ಕೂಲಿಯಿಲ್ಲ; ಅವರ ಅಟ್ಟ ಇಳಿಸಿದ ದಿನ ನಮ್ಮ ಮನೆಯಿಂದ ಒಬ್ಬರು ಹೋಗಿ ಆ ಮುಯ್ಯಿ ತೀರಿಸಬೇಕು. ಹೋಗದಿದ್ದರೆ ನಮ್ಮ ಕಾಯಿ ಒಡೆಯಲು ಯಾರೂ ಬರುವುದಿಲ್ಲ. ಇದು ಸುಂದರವಾದ ಪದ್ಧತಿ. ಆದರೆ ಆ 'ಒಬ್ಬರು' ಯಾವಾಗಲೂ ಹೆಂಗಸೇ ಆಗಿರಬೇಕೆಂಬುದು ಸುಂದರವಲ್ಲ.

ಎರಡನೆಯ ತಿಂಗಳು ಹೋದಾಗ ಸೊಸೆ ಇರಲಿಲ್ಲ.

"ಕೆಲ್ಸ ಏನಿಲ್ಲ ಕಣವ್ವ, ಮುಯ್ಯಿಗ್ ಹೋಗವ್ಳೆ" ಎಂದರು ಅತ್ತೆ.

"ಬೆಳಿಗ್ಗೆಯಿಂದ ಸಂಜೆವರೆಗೂ ಚಿಪ್ಪು ಒಡೀತಾರಲ್ಲಮ್ಮ?"

"ಅದ್ ತೀರ್ಸೋದು. ಹೋದ್ ಸಲ ಅವ್ರು ನಮ್ಮನೆಗ್ ಬಂದಿರ್ಲಿಲ್ವಾ? ತೀರ್ಸೋದ್ನೂ ಕೆಲ್ಸ ಅಂತಾರಾ ಯಾರಾದ್ರೂ?"

ಕೊಟ್ಟು ಪಡೆಯುವ ದುಡಿಮೆಯೂ ದುಡಿಮೆಯೇ ಎಂದು ವಿವರಿಸಿದೆ. ಅವರಿಗೆ ನಗು ಬಂತು. ಆದರೆ ನಗು ನಿಂತ ಮೇಲೆ ತಮ್ಮ ಮಂಡಿಗಳನ್ನು ಸವರಿಕೊಂಡು, ತಾವಾಗಿಯೇ ಹೇಳಿದರು: "ಲ್ಯಾಬಿನೋರು ಪೋನ್ ಮಾಡ್ತಾನೇ ಅವ್ರೆ. ನಂಗೂ ಗೊತ್ತು. ನಂಗೀಗ ಕುಕ್ಕರಗಾಲಲ್ಲಿ ಕೂರಕ್ಕಾಗಲ್ಲ. ಅವ್ಳು ಹೋದ್ರೆ ನಮ್ಮನೆ ಮುಯ್ಯಿ ಯಾರವ್ವ ತೀರ್ಸೋದು?" ಆ ಮುದುಕಿಯನ್ನು ನಾನು ಮನಸ್ಸಿನಲ್ಲೇ ದಬ್ಬಾಳಿಕೆಯವರ ಸಾಲಿಗೆ ಸೇರಿಸಿಬಿಟ್ಟಿದ್ದೆ. ಅವರನ್ನೂ ಅದೇ ಗಾಣಕ್ಕೆ ಕಟ್ಟಿದ್ದರು.

ಮೂರನೆಯ ಭೇಟಿಯ ಹೊತ್ತಿಗೆ ದೀಪಾವಳಿ ಹತ್ತಿರವಾಗಿತ್ತು. ಅಂದು ಆ ಮನೆಯದೇ ಅಟ್ಟ ಇಳಿಸಿದ್ದರು. ಕೊಟ್ಟಿಗೆಯ ತುಂಬ ಮುಯ್ಯಾಳು ಹೆಂಗಸರು, ಚಿಪ್ಪಿನ ರಾಶಿ, ಕೊಬ್ಬರಿಯ ಎಣ್ಣೆವಾಸನೆ. ಉತ್ತರಗಳು ಗುಟ್ಟಾಗಿರಬೇಕು, ಒಳಗೆ ಹೋಗೋಣವೆಂದು ಸೊಸೆಗೆ ಹೇಳಿದೆ. ಅವಳು ಮಚ್ಚು ಕೆಳಗಿಡಲಿಲ್ಲ.

"ಇಲ್ಲೇ ಕೇಳಿ ಮೇಡಂ. ಕೈ ಬಿಡೋ ಹಂಗಿಲ್ಲ."

ಹೋರಾಟದ ಸಭೆಯಾಗಿದ್ದರೆ ನಾನು ಅಲ್ಲಿ ಭಾಷಣವನ್ನೇ ಮಾಡುತ್ತಿದ್ದೆ. ಆದರೆ ಪ್ರಶ್ನೆಯನ್ನು ಇದ್ದಂತೆಯೇ ಓದಬೇಕು, ಉತ್ತರದ ಕಡೆಗೆ ಯಾರನ್ನೂ ತಳ್ಳಬಾರದು. ಓದಿದೆ: ಕಳೆದ ಏಳು ದಿನಗಳಲ್ಲಿ ಇನ್ನೂ ಹೆಚ್ಚಿನ ಕೆಲಸ ಸಿಕ್ಕಿದ್ದರೆ ಮಾಡಲು ಸಿದ್ಧರಿದ್ದಿರಾ?

ಅವಳು ಕೈಯಲ್ಲಿದ್ದ ಕಾಯಿಯನ್ನು ಒಡೆದು, ಉಂಡೆಯನ್ನು ಬುಟ್ಟಿಗೆ ಹಾಕಿ, ಆಮೇಲೆ ಹೇಳಿದಳು: "ಹೂಂ. ಇದ್ದೆ. ಈಗ್ಲೂ ಇದೀನಿ."

"ಅಯ್ಯೋ, ಇನ್ನೂ ಕೆಲ್ಸ ಬೇಕಂತೆ ಕಣ್ರೇ ಇವ್ಳಿಗೆ! ನಮ್ಮನೆ ಸಗಣಿನೂ ಬಾಚೋಗು ಬಾ" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. "ನಂಗ್ ಯಾವತ್ತೂ ಹಿಂಗಂತ ಹೇಳ್ನೇ ಇಲ್ವಲ್ಲೇ?"

"ನೀವ್ ಯಾವತ್ತೂ ಕೇಳ್ನೇ ಇಲ್ವಲ್ಲ ಅತ್ತೆ."

ಸಗಣಿಯ ತಮಾಷೆ ಮಾಡಿದವಳೇ ಅತ್ತೆಯ ಕಡೆ ತಿರುಗಿದಳು: "ಮುಯ್ಯಿಗೇ ತಾನೆ ಯೋಚ್ನೆ? ವಾರಕ್ಕೊಂದ್ ರಜ ಇರ್ತದಲ್ಲ, ಬತ್ತಾಳೆ ಬುಡು. ಮಿಕ್ಕಿದ್ ದಿನ ನಿನ್ ಮಗನ್ನ ಕಳ್ಸು."

"ಗಂಡುಸ್ರು ಚಿಪ್ಪು ಒಡೀತಾರೇನೇ?"

"ಉಣ್ಣಲ್ವಾ ಕೊಬ್ರಿ ಚಟ್ನಿಯಾ? ಒಡೀಲಿ!"

ಸಿಪ್ಪೆ ಸುಲಿಯುತ್ತಿದ್ದ ಮಗ ತಲೆ ಎತ್ತಿ ನೋಡಿ, ಇನ್ನೂ ಜೋರಾಗಿ ಸುಲಿಯತೊಡಗಿದ. ನಾನು ಒಂದು ಮಾತನ್ನೂ ಸೇರಿಸಲಿಲ್ಲ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ನಾಲಿಗೆ ಹಿಡಿದದ್ದು ಇನ್ನೊಂದು ನೆನಪಿಲ್ಲ.

ನಾಲ್ಕನೆಯ, ಕೊನೆಯ ಭೇಟಿಗೆ ಹೋದಾಗ ದೀಪಾವಳಿ ಕಳೆದಿತ್ತು. ಬೇಲಿಯ ಬಳಿ ಎಳನೀರು ಹಿಡಿದು ನಿಲ್ಲುವವಳು ಕಾಣಲಿಲ್ಲ. ಜಗುಲಿಯ ಮೇಲೆ ಅತ್ತೆಯೇ ಕುಳಿತಿದ್ದರು. ನಾನು ಅಷ್ಟು ಸಿಟ್ಟಾಗಿದ್ದ ಅದೇ ನಿಯಮದಂತೆ ಸೊಸೆಯ ಪರವಾಗಿ ಅವರೇ ಉತ್ತರಿಸಿದರು.

"ತಿಪಟೂರಿಗ್ ಹೋಗವ್ಳೆ, ಲ್ಯಾಬಿಗೆ. ಬೆಳ್ಗೆ ಬಸ್ಸಿಗೆ ಹೋಗಿ ಸಾಯಂಕಾಲ ಬತ್ತಾಳೆ. ರಕ್ತ ತೆಗೆದ್ರೆ ಸೂಜಿ ಚುಚ್ಚಿದ್ದೇ ಗೊತ್ತಾಗಲ್ವಂತೆ, ಊರ್ ಯಜಮಾನ್ರೂ ಹೋಗಿ ತೋರಿಸ್ಕೊಂಡ್ ಬಂದ್ರು. ಸರಿಯಾಗ್ ಬರ್ಕೊ."

"ಮುಯ್ಯಿಗೆ?"

"ರಜದ್ ದಿನ ಅವ್ಳು. ಮಿಕ್ಕಿದ್ದಕ್ಕೆ ಇವ್ನು. ಉಂಡೆ ಬರಬೇಕಾದ್ ಕಡೆ ಹೋಳು ಮಾಡ್ತಾನೆ ಕಣವ್ವ, ಊರೋರೆಲ್ಲ ನಗ್ತಾರೆ. ಕಲೀಲಿ ಬುಡು."

ನಾರಿನ ಅಂಗಳದ ಕೂಲಿ ಇನ್ನೂ ಸಮವಾಗಿಲ್ಲ. ಲ್ಯಾಬಿನಲ್ಲಿ ಅವಳಿಗೆ ನೇಮಕಪತ್ರವಿಲ್ಲ. ಅದನ್ನೂ ನಾನು ಕೇಳಿದೆ, ಉತ್ತರವನ್ನೂ ದಾಖಲಿಸಿದೆ. ಅದಕ್ಕಾಗಿ ಇನ್ನೊಂದು ದಿನ ಜಗಳವಾಡಬೇಕು. ಆದರೆ ಕಚೇರಿಯಲ್ಲಿ ಕೇಳುವ ಆ ಅಂಕಿಯೊಳಗೆ ಈಗ ಏರಿಯಾಚೆಯ ಒಂದು ಮನೆಯೂ ಇದೆ, ಏರಿಯೀಚೆಯ ಈ ಸೊಸೆಯೂ ಇದ್ದಾಳೆ.

ಕೊನೆಯದಾಗಿ ಅತ್ತೆಯ ಸರದಿ. ಪ್ರತಿ ತಿಂಗಳೂ ಅವರು ಮುದುಕಿಯೆಂದು ಬರೆದುಕೊಳ್ಳಲು ಹೇಳಿ ಕೈ ಬೀಸುತ್ತಿದ್ದರು. ಕೇಳುವ ಮೊದಲೇ ನಾನು ಆ ಮಾತಿಗೆ ಸಿದ್ಧಳಾಗಿದ್ದೆ.

"ಕಳೆದ ಏಳು ದಿನ ನೀವು ಏನು ಮಾಡಿದ್ರಿ ಅಮ್ಮ?"

ಅವರು ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ಸೊಸೆ ಹೋದ್ಮೇಲೆ ಸ್ಟೂಲ್ ಮ್ಯಾಲ್ ಕೂತು ಹಸ ಕರೆಯೋಳು ನಾನು. ಡೈರಿಗ್ ಹಾಕೋಳೂ ನಾನೇ. ಕೂತ್ಕಂಡೇ ಕಡ್ಡಿ ತೆಗ್ದು ಪೊರಕೆ ಕಟ್ತೀನಿ, ಕಿಬ್ಬನಹಳ್ಳಿ ಅಂಗಡಿಯೋನು ತಗಂಡ್ ಹೋಗ್ತಾನೆ. ನಿದಾನಕ್ ಬರ್ಕೊಳವ್ವ, ಬಾಳ ಐತೆ."