ಸೋದರತ್ತೆ ಕೇಳಿದರೂ ಹೇಳಬೇಡಿ

ಹೆಚ್ಚುಕಡಿಮೆ ಗಟ್ಟಿಯಾಗಿದ್ದ ಮದುವೆಯೊಂದನ್ನು ಒಂದು ಇಂಗ್ಲಿಷ್ ವಾಕ್ಯ ನಿಲ್ಲಿಸಬಹುದೇ? ಬಹುದು. ಆ ವಾಕ್ಯ ಕಲಿಸಿದವಳು ನಾನು. ಮದುವೆಯೂ ನನ್ನದೇ.

(ಹುಡುಗ ಯಾರು, ಏನು ಮಾಡುತ್ತಾರೆ ಎಂದು ಕೇಳಬೇಡಿ. ತೆಲಿಗಿ ಊರಿನವರು. ನಾನು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ನಿಮಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ, ನನಗೂ ಇಷ್ಟೇ ಸಾಕಾಗಿತ್ತು.)

ಕೊಟ್ಟೂರಿನ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ರೂಮಿನಲ್ಲಿ ಸಂಜೆ ನಾನು ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇನೆ. ಕಲಿಯುವವರೆಲ್ಲ ನನಗಿಂತ ದೊಡ್ಡವರು. ಮುಂದಿನ ಬೆಂಚಿನಲ್ಲಿ ಟೈಲರ್ ಗಂಗಕ್ಕ. ಬ್ಲೌಸ್ ಹೊಲಿಯುವ ವಿಡಿಯೊಗಳಲ್ಲಿ ಏನು ಹೇಳುತ್ತಾರೆಂದು ತಿಳಿಯಲು ಬಂದವರು. ಪಕ್ಕದಲ್ಲಿ ಇನ್ಶೂರೆನ್ಸ್ ಏಜೆಂಟ್ ನಾಗರಾಜಣ್ಣ. ಯಾಕೆ ಬಂದಿದ್ದಾರೆಂದು ಅವರಿಗೂ ಗೊತ್ತಿಲ್ಲ.

ನಮ್ಮ ಪುಸ್ತಕ ಹೊಸ ಕಾಲದ್ದು. ವ್ಯಾಕರಣದ ಮಾತೇ ಇಲ್ಲ. ವಿಡಿಯೊ ಕಾಲ್, ಆನ್‌ಲೈನ್ ಊಟ, ಡ್ರೈವರ್ ಇಲ್ಲದ ಕಾರು, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಪಾಠ. ಕೊನೆಗೊಂದು ಪುಟ್ಟ ನಾಟಕ. ಕಾರಿನ ಪಾಠದ ದಿನ ನಾಗರಾಜಣ್ಣ ಎದ್ದು ನಿಂತಿದ್ದರು. "ಮೇಡಮ್, ಡ್ರೈವರ್ರೇ ಇಲ್ಲಂದ್ರ ನಾನು ಪಾಲಿಸಿ ಯಾರಿಗೆ ಮಾಡ್ಸ್ಲಿ?"

ಆಮೇಲೆ ಬಂತು ಪ್ರೈವೆಸಿಯ ಪಾಠ. ಅಪರಿಚಿತರು ಫೋನ್ ಮಾಡಿ ವಿವರ ಕೇಳಿದರೆ ಏನು ಹೇಳಬೇಕು?

ನಾನು ಈ ಪಾಠಕ್ಕಾಗಿ ಮೊದಲಿನಿಂದಲೂ ಕಾದಿದ್ದೆ. ಕೊಟ್ಟೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಕೂಡ್ಲಿಗಿ ಬರುವಷ್ಟರಲ್ಲಿ ಪಕ್ಕದ ಸೀಟಿನವರಿಗೆ ನನ್ನ ಊರು, ಓದು, ಸಂಬಳ, ಇನ್ನೂ ಮದುವೆಯಾಗದಿರುವ ಕಾರಣ ಎಲ್ಲ ಗೊತ್ತಾಗಿರುತ್ತದೆ. (ಕಾರಣವನ್ನು ಅವರೇ ಊಹಿಸಿಕೊಳ್ಳುತ್ತಾರೆ.) ಪಾಸ್‌ವರ್ಡ್ ಒಂದನ್ನು ಬಿಟ್ಟು ನಮ್ಮ ಜನ ಕೇಳದ್ದು ಏನಿದೆ?

ನಾಟಕ ಶುರುವಾಯಿತು. ನಾಗರಾಜಣ್ಣ ಮೋಸಗಾರ. ಗಂಗಕ್ಕ ಗ್ರಾಹಕಿ. ಮೋಸಗಾರ ಹೆಸರು ಕೇಳಿದ. ಗಂಗಕ್ಕ ತಮ್ಮ ಹೆಸರು, ಗಂಡನ ಹೆಸರು, ಮನೆ ಯಾವ ಗುಡಿಯ ಹಿಂದಿದೆ ಎಲ್ಲ ಹೇಳಿ, "ಊಟ ಆತೇನ್ರಿ ನಿಮ್ದು?" ಅಂದರು.

"ಗಂಗಕ್ಕ, ಅವನು ಕಳ್ಳ," ಅಂದೆ.

"ಇರ್ಲಿ ಬಿಡ್ರಿ ಮೇಡಮ್. ಪಾಪ, ಅಷ್ಟು ಮರ್ಯಾದಿಲೆ ಕೇಳ್ತಾನ. ಹೇಳ್ದಿದ್ರ ಏನ್ ತಿಳ್ಕಂತಾನ?"

ವಾರವಿಡೀ ಅಭ್ಯಾಸ ಮಾಡಿಸಿದೆ. ಯಾರೇ ಗುರುತಿಲ್ಲದವರು ಏನೇ ಕೇಳಲಿ, ಮುಗುಳ್ನಕ್ಕು ಒಂದೇ ಉತ್ತರ: "ಸಾರಿ, ಐ ವುಡ್ ರಾದರ್ ನಾಟ್ ಸೇ." ಕ್ಷಮಿಸಿ, ನಾನು ಹೇಳಲಾರೆ. ಬಿಡದೆ ಪೀಡಿಸಿದರೆ ತಿರುಗಿ ಕೇಳಬೇಕು: "ಮೇ ಐ ನೋ ಹೂ ಈಸ್ ಕಾಲಿಂಗ್?" ಮಾತಾಡುತ್ತಿರುವವರು ಯಾರು? ಉತ್ಸಾಹದಲ್ಲಿ ಇನ್ನೊಂದು ಮಾತನ್ನೂ ಸೇರಿಸಿದೆ. "ಫೋನಲ್ಲೇ ಅಂತಲ್ಲ, ಎದುರಿಗೆ ಬಂದು ಕೇಳಿದರೂ ಅಷ್ಟೇ."

ಈಗ ಮದುವೆಯ ವಿಷಯ. ನಮ್ಮ ಕಡೆ ಹುಡುಗ ಹುಡುಗಿ ಒಪ್ಪಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ವಿಚಾರಿಸುವುದು. ಹುಡುಗನ ಕಡೆಯವರೊಬ್ಬರು ಏನೋ ನೆಪ ಹೇಳಿಕೊಂಡು ಬಂದು, ಹುಡುಗಿ ಹೇಗೆ ಎಂದು ಅಕ್ಕಪಕ್ಕದವರನ್ನು ಕೇಳಿ ಹೋಗುತ್ತಾರೆ. ಅವರು ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಿಲ್ಲವೆಂದು ಎಲ್ಲರೂ ನಟಿಸುತ್ತಾರೆ.

ನನ್ನ ಕ್ಲಾಸಿಗೆ ಮಾತ್ರ ನಿಜವಾಗಿಯೂ ಗೊತ್ತಾಗಲಿಲ್ಲ. ಮದುವೆಯ ಮಾತು ನಡೆದಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲವಲ್ಲ!

ಕಳೆದ ವಾರ ನಾನು ಜೆರಾಕ್ಸ್ ಮಾಡಿಸಲು ಹೋಗಿದ್ದೆ. ತಿರುಗಿ ಬರುವಾಗ ಮೆಟ್ಟಿಲಲ್ಲಿ ಹಸಿರು ಸೀರೆಯ ಹೆಂಗಸೊಬ್ಬರು ಎದುರಾದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಟ್ಟುಸಿರು ಬಿಟ್ಟು, ಇಳಿದು ಹೋದರು.

ಒಳಗೆ ಹಬ್ಬದ ಸಂಭ್ರಮ.

"ಮೇಡಮ್! ಖರೇ ಅಂದ್ರ ಖರೇ ಫ್ರಾಡ್ ಬಂದಿತ್ತು!" ಗಂಗಕ್ಕ ಕುಣಿಯುವುದೊಂದು ಬಾಕಿ. "ಕ್ಲಾಸಿಗೆ ಸೇರ್ತೀನಿ ಅಂತ ಬಂದ್ಲು. ಕೇಳಿದ್ದೆಲ್ಲ ನಿಮ್ ಬಗ್ಗೆನ. ನಿಮ್ ಮೇಡಮ್ ಸ್ವಭಾವ ಹೆಂಗ? ಅಂದ್ಲು. ಐ ವುಡ್ ರಾದರ್ ನಾಟ್ ಸೇ, ಅಂದೆ."

"ಸಿಟ್ಟು ಬಾಳ ಐತೇನು? ಅಂದ್ಲು," ನಾಗರಾಜಣ್ಣ ಮುಂದುವರಿಸಿದರು. "ಅಡಿಗಿ ಬರ್ತತೇನು? ಅಂದ್ಲು. ಅದಕ್ಕ ಇಡೀ ಕ್ಲಾಸು ಒಂದ ಸಲ ಹೇಳ್ತು ನೋಡ್ರಿ, ಪ್ರಾರ್ಥನಿ ಹೇಳ್ದಂಗ! ಹಿಂಗ್ಯಾಕ ಬಾಯಿ ಮುಚ್ಕಂಡೀರಿ, ಏನೈತಿ ಅಂಥಾದ್ದು? ಅಂತ ಜೋರು ಮಾಡಿದ್ಲು. ನಾನು ಬಿಡ್ತೀನಾ? ಮೇ ಐ ನೋ ಹೂ ಈಸ್ ಕಾಲಿಂಗ್, ಅಂದೆ."

"ಅವರು ಎದುರಿಗೇ ನಿಂತಿದ್ದರಲ್ಲ?"

"ನಿಂತಿದ್ಲು. ಆದ್ರೂ ಕೇಳ್ದೆ."

ನಾನು ಕುರ್ಚಿಯಲ್ಲಿ ಕೂತೆ. ಹುಡುಗ ಕಳಿಸಿದ್ದ ಮನೆಯವರ ಫೋಟೊದಲ್ಲಿ ಇದೇ ಮುಖ ನೋಡಿದ್ದೆ. ಅವರ ಸೋದರತ್ತೆ. ಆ ಮನೆಯಲ್ಲಿ ಸೋದರತ್ತೆ ಹೂಂ ಅನ್ನದೆ ಏನೂ ನಡೆಯದು ಎಂದು ಹುಡುಗನೇ ಹೇಳಿದ್ದರು. ನನಗೂ ಪ್ರೈವೆಸಿ ಸಾಕಾಯಿತು. ಎಲ್ಲವನ್ನೂ ಹೇಳಿಬಿಟ್ಟೆ.

ಗಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯ ನಮ್ಮವ್ವ! ಮೊದ್ಲ ಹೇಳ್ಬಾರ್ದೇನ್ರಿ?"

"ಚಿಂತಿ ಮಾಡ್ಬ್ಯಾಡ್ರಿ ಮೇಡಮ್," ನಾಗರಾಜಣ್ಣ ಎದ್ದರು. "ಈಗ್ಲೇ ಗಾಡಿ ತಗಂಡು ತೆಲಿಗಿಗೆ ಹೋಗ್ತೀವಿ. ಗೊತ್ತಿದ್ದಿದ್ದೆಲ್ಲ ಹೇಳಿ ಬರ್ತೀವಿ."

"ಏನೇನು ಗೊತ್ತು ನಿಮಗೆ?"

"ಎಲ್ಲಾ ಗೊತ್ತೈತಿ. ನೀವು ಒಬ್ರ ಇದ್ದಾಗ ಗ್ವಾಡಿ ನೋಡ್ಕಂತ ಇಂಗ್ಲಿಷ್ ಮಾತಾಡ್ತೀರಿ. ಮಿರ್ಚಿ ಭಜಿ ತಂದ್ರ ಯಾರಿಗೂ ಕೊಡಂಗಿಲ್ಲ. ಆ ದಿನ ಹಲ್ಲಿ ಬಿದ್ದಾಗ ಬೆಂಚ್ ಹತ್ತಿ..."

"ಕೂತ್ಕೊಳ್ಳಿ!" ಅಂದೆ. ಇದಕ್ಕಿಂತ ಇಂಗ್ಲಿಷ್ ವಾಕ್ಯವೇ ವಾಸಿ.

ಅಷ್ಟರಲ್ಲಿ ಫೋನ್ ಬಂತು. ಹುಡುಗನದೇ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.

"ನಮ್ಮತ್ತಿ ಬಸ್ ಸ್ಟ್ಯಾಂಡಿಂದ ಫೋನ್ ಮಾಡಿದ್ರು. ಇಡೀ ಕ್ಲಾಸ್ ಬಾಯಿ ಮುಚ್ಕಂಡೈತಿ, ಏನೋ ಐತಿ, ಈ ಸಂಬಂಧ ಬ್ಯಾಡ ಅಂತಾರ. ಏನ್ರಿ ಅದು ಏನೋ?"

ಪಾಠವನ್ನು ಮೊದಲಿನಿಂದ ಕೊನೆಯವರೆಗೆ, ನಾಟಕವನ್ನೂ ಬಿಡದೆ, ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಷ್ಟು ನಕ್ಕರೆಂದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಅತ್ತಿಗೆ ನಾ ಹೇಳ್ತೀನಿ ಬಿಡ್ರಿ," ಅಂದರು. ನಗು ನಿಲ್ಲಿಸಿ, "ಆದ್ರ ಅವ್ರಿಗೆ ಹೇಳಾಕ ಮುಂಚೆ ನನಗೊಂದು ಮಾತು ಗೊತ್ತಾಗ್ಬೇಕು. ಎಲ್ರೂ ಹುಡುಗಿ ಬಗ್ಗೆ ವಿಚಾರಸ್ತಾರ, ಹುಡುಗೀನ್ನ ಯಾರೂ ಕೇಳಂಗಿಲ್ಲ. ನಿಮಗ ನಾನು ಖರೇನ ಒಪ್ಪಿಗಿ ಅದೀನೇನ್ರಿ?"

ಎಂ.ಎ. ಇಂಗ್ಲಿಷ್ ಓದಿದ್ದೇನೆ. ಬೇರೆ ವಾಕ್ಯಗಳೂ ಬರುತ್ತವೆ. ಆದರೆ ಬಾಯಿಂದ ಬಿದ್ದದ್ದು ಅದೇ. "ಸಾರಿ, ಐ ವುಡ್ ರಾದರ್ ನಾಟ್ ಸೇ."

ಬಾಗಿಲ ಹಿಂದಿನಿಂದ ಗಂಗಕ್ಕ ಕೂಗಿದರು. "ಮೇಡಮ್! ಅವ್ರು ಗುರ್ತಿನೋರು! ಅವ್ರಿಗೆ ಹೇಳಬೌದು, ಹೇಳ್ರಿ!"

ಹೇಳಿದೆ. ಕನ್ನಡದಲ್ಲೇ ಹೇಳಿದೆ.

ಏನು ಹೇಳಿದೆ ಅಂತೀರಾ? ಮೇ ಐ ನೋ ಹೂ ಈಸ್ ಕಾಲಿಂಗ್?