ಒಣಮೆಣಸಿನಕಾಯಿಯ ಘಾಟು

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ನಾನು ಮಾತು ಬದಲಿಸುತ್ತಿದ್ದೆ. ರಸಾಯನಶಾಸ್ತ್ರ ಓದಿದವಳು; ಕೊಳಚೆ ನೀರು ಶುದ್ಧೀಕರಿಸುವ ಘಟಕವೊಂದರಲ್ಲಿ ನೀರು ಪರೀಕ್ಷಿಸುವುದು ನನ್ನ ಕೆಲಸ. ಅಳೆಯಲಾಗದ್ದನ್ನು ನಂಬುವ ರೂಢಿ ನನಗಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೆ.

ಕೊರೊನಾ ಜ್ವರ ನನ್ನ ಗಂಡನನ್ನು ಒಯ್ದಿತು. ನನ್ನ ಜೀವ ಉಳಿಯಿತು, ಮೂಗಿಗೆ ವಾಸನೆ ತಿಳಿಯುವುದು ನಿಂತುಹೋಯಿತು. ಅವರು ಅಣ್ಣಿಗೇರಿಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ದಿನ ಕಳೆದವರು. ಎಷ್ಟು ಒಗೆದರೂ ಅವರ ಅಂಗಿಯಿಂದ ಆ ಘಾಟು ಹೋಗುತ್ತಿರಲಿಲ್ಲ. ಅವರು ಹೋದ ಮೇಲೆ ಆ ಅಂಗಿಗಳಲ್ಲಿ ಮುಖ ಹುದುಗಿಸಿ ಕೂತೆ. ಏನೂ ತಿಳಿಯಲಿಲ್ಲ.

ನಮ್ಮ ಘಟಕ ಹಳೆಯದು. ಕೊಳಚೆ ನೀರಿಗೆ ಗಾಳಿ ಊದಿದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ತಿಂದು ಮುಗಿಸಬೇಕು. ಆದರೆ ಗಾಳಿ ಊದುವ ಯಂತ್ರವೇ ಏದುಸಿರು ಬಿಡುತ್ತಿತ್ತು. ಆ ಚಳಿಗಾಲದಲ್ಲಿ ಮಿತಿ ದಾಟಿದ ಅಮೋನಿಯಾ ಇಳಿಯಲೇ ಇಲ್ಲ. ಮೇಲಿನಿಂದ ನೋಟಿಸ್ ಬಂತು. ನಮ್ಮ ನೀರು ಸೇರುವ ಹಳ್ಳದಲ್ಲಿ ಮೀನು ಸತ್ತು ತೇಲಿದವು. ಯಂತ್ರಗಳನ್ನು ನಡೆಸುವ ಈರಪ್ಪನಿಗೆ ನೋಟಿಸಿಗಿಂತ ಹಳ್ಳದ್ದೇ ಚಿಂತೆ. ಅವನದು ಕುರಿ ಕಾಯುವ ಮನೆತನ. ಅಣ್ಣಂದಿರ ಕುರಿಗಳು ಅದೇ ನೀರು ಕುಡಿಯುತ್ತಿದ್ದವು.

ಒಂದು ಮಧ್ಯಾಹ್ನ, ತಳದ ಕೆಸರನ್ನು ಮತ್ತೆ ತೊಟ್ಟಿಗೆ ಕಳಿಸುವ ಪಂಪು ಕಟ್ಟಿಕೊಂಡಿತು. ಸೂಕ್ಷ್ಮಜೀವಿಗಳಿರುವುದು ಆ ಕೆಸರಿನಲ್ಲೇ. ಪಂಪು ಇದ್ದದ್ದು ಆಳವಾದ ಬಾವಿಯಲ್ಲಿ. ಅಲ್ಲಿ ವಿಷಗಾಳಿ, ಮನುಷ್ಯರು ಇಳಿಯುವಂತಿಲ್ಲ. ಹುಬ್ಬಳ್ಳಿಯಿಂದ ಸ್ವಚ್ಛ ಮಾಡುವ ಯಂತ್ರ ಬರಲಿ, ಅಲ್ಲಿಯವರೆಗೆ ಕಾಯೋಣ ಎಂದೆ.

"ಅದು ಬರೂದ್ರಾಗ ಹಳ್ಳ ಸತ್ತ ಹೋಗತೈತ್ರಿ, ಅಕ್ಕಾರ," ಎಂದ ಈರಪ್ಪ.

ಬೇಸರಕ್ಕೆ ಹೇಳಿದನೆಂದುಕೊಂಡೆ. ನೀರಿನ ಮಾದರಿ ತರಲು ಹೋಗಿ ಮರಳಿದಾಗ ಬಾವಿಯ ಮುಚ್ಚಳ ತೆರೆದಿತ್ತು. ಅವನು ಕೆಳಗೆ ಗೋಡೆಗೊರಗಿ ಕೂತಿದ್ದ. ತಲೆ ಎದೆಯ ಮೇಲೆ ಬಿದ್ದಿತ್ತು.

ಕೂಗಿದೆ, ಅಲುಗಲಿಲ್ಲ. ಎತ್ತಲು ಹೋದವರೂ ಮೇಲೆ ಬರುವುದಿಲ್ಲ ಎಂದು ಹೊಸಬರಿಗೆಲ್ಲ ತಿಳಿಸಿ ಹೇಳುತ್ತಿದ್ದವಳು ನಾನೇ. ಆದರೂ ಸೆರಗು ಸಿಕ್ಕಿಸಿ ಏಣಿಯ ಮೇಲೆ ಕಾಲಿಟ್ಟೆ.

ಆಗ ಆ ವಾಸನೆ ಬಂತು. ಒಣಮೆಣಸಿನಕಾಯಿ, ಅದರ ಜತೆ ಬೆವರು, ಗೋಣಿಚೀಲ. ಸಂಜೆ ಅವರು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಾಗ ಬರುತ್ತಿದ್ದ ವಾಸನೆ, ನನ್ನ ಬೆನ್ನ ಹಿಂದೆ, ತೀರ ಹತ್ತಿರ. ಒಂದರ ಮೇಲೊಂದು ಸೀನು ಬಂದವು. ಕಾಲು ತೆಗೆದು ಹಿಂದಿರುಗಿ ನೋಡಿದೆ. ಯಾರೂ ಇರಲಿಲ್ಲ. ಕಾಂಪೌಂಡಿನಾಚೆ ಬರೀ ಕಡಲೆ ಹೊಲ. ಅಷ್ಟರಲ್ಲಿ ಗೇಟಿನ ಕಾವಲುಗಾರ ಓಡಿ ಬಂದು ನನ್ನ ರಟ್ಟೆ ಹಿಡಿದ.

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಇಳಿದು ಈರಪ್ಪನನ್ನು ಮೇಲೆ ತಂದಾಗ ಜೀವ ಹೋಗಿತ್ತು. ನಾನು ಇಳಿದಿದ್ದರೆ ಎರಡು ಹೆಣ ಎತ್ತಬೇಕಾಗುತ್ತಿತ್ತು ಎಂದರು. ಬಾವಿಯ ಗಾಳಿಯೇ ಮೂಗು, ಕಣ್ಣು ಉರಿಸಿರಬೇಕು, ಉಳಿದದ್ದು ಗಾಬರಿಯ ಮನಸ್ಸಿನ ಆಟ ಎಂದರು ಡಾಕ್ಟರು. ಇರಬಹುದು. ಆದರೆ ಗೋಣಿಯ ವಾಸನೆ? ಅಂದಿನಿಂದ ಇಂದಿನವರೆಗೆ ನನ್ನ ಮೂಗಿಗೆ ಒಗ್ಗರಣೆಯೂ ತಿಳಿದಿಲ್ಲ.

ಹುಬ್ಬಳ್ಳಿಯ ಯಂತ್ರ ಮರುದಿನ ಬಂದು ಪಂಪು ಬಿಡಿಸಿತು. ಗಾಳಿ ಊದುವ ಯಂತ್ರವನ್ನೂ ದುರಸ್ತಿ ಮಾಡಿಸಿದರು. ಕೆಲವು ವಾರಗಳಲ್ಲಿ ಅಮೋನಿಯಾ ಮಿತಿಯೊಳಗೆ ಇಳಿಯಿತು.

ಆಮೇಲೆ ಈರಪ್ಪನ ಹೆಂಡತಿ ಮಲ್ಲವ್ವನನ್ನು ಕಾಣಲು ಹೋದೆ. ಯಾರಿಗೂ ಹೇಳದ ಆ ವಾಸನೆಯ ಸಂಗತಿಯನ್ನು ಅವಳಿಗೆ ಹೇಳಿಬಿಟ್ಟೆ. ನಗುತ್ತಾಳೋ ಬೈಯುತ್ತಾಳೋ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನಿಮ್ಮವ್ರು ಬಂದಿದ್ದು ಖರೆ ಇರಬೇಕ್ರಿ," ಎಂದಳು. "ಒಂಚೂರು ಲಗೂನ, ನಮ್ಮವ್ರು ಇಳಿಯೂಕಿಂತ ಮೊದಲ, ಬರಬಾರದಾಗಿತ್ತೇನ್ರಿ?"